ಸೆನೆಟರ್ ಹಾಕಿದ ಮತವನ್ನು ತೂಗುವುದು ಹೇಗೆ?

1868ರ ಮೇ 16, ಶನಿವಾರ. ವಾಷಿಂಗ್ಟನ್ನಿನ ಸೆನೆಟ್ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗ್ಯಾಲರಿಗೆ ಬರುವವರಿಗೆ ಟಿಕೆಟ್ ಅಚ್ಚು ಹಾಕಿಸಿದ್ದರು ಅಂದರೆ ನೀವೇ ಊಹಿಸಿಕೊಳ್ಳಿ. ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಮೇಲಿನ ವಾಗ್ದಂಡನೆ ವಿಚಾರಣೆ ಮುಗಿದು, ತೀರ್ಪು ಬರುವ ದಿನ ಅದು. ಒಬ್ಬೊಬ್ಬ ಸೆನೆಟರ್ ಹೆಸರನ್ನೂ ಅಕ್ಷರಕ್ರಮದಲ್ಲಿ ಕೂಗುತ್ತಿದ್ದರು. ಎದ್ದು ನಿಂತವರಿಗೆ ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಏನು ಹೇಳುತ್ತೀರಿ, ಈ ಆರೋಪದಲ್ಲಿ ಅಧ್ಯಕ್ಷರು ತಪ್ಪಿತಸ್ಥರೋ, ಅಲ್ಲವೋ?

ಅಯೋವಾದ ಜೇಮ್ಸ್ ಗ್ರೈಮ್ಸ್ ಅವರಿಗೆ ಕೆಲವೇ ದಿನಗಳ ಹಿಂದೆ ಲಕ್ವ ಹೊಡೆದಿತ್ತು. ಅವರನ್ನು ಸಭೆಗೆ ಎತ್ತಿಕೊಂಡು ಬಂದಿದ್ದರು. ಅವರ ಸರದಿ ಬಂದಾಗ ಚೇಸ್, 'ಕೂತೇ ಹೇಳಬಹುದು' ಎಂದರು. ಗ್ರೈಮ್ಸ್ ಕೇಳಲಿಲ್ಲ. ಪಕ್ಕದವರ ಆಸರೆಯಲ್ಲಿ ಎದ್ದು ನಿಂತು, 'ತಪ್ಪಿತಸ್ಥರಲ್ಲ' ಎಂದು ಹೇಳಿ ಕೂತರು.

ಇಂಥದ್ದನ್ನು ಕೇಳಿದಾಗ ಯಾರಿಗಾದರೂ ಗೌರವ ಹುಟ್ಟುತ್ತದೆ, ಅಲ್ವಾ? ನನಗೂ ಹುಟ್ಟುತ್ತದೆ. ಆದರೆ ಒಂದು ಗಳಿಗೆ ಯೋಚಿಸಿ. ಕಷ್ಟಪಟ್ಟು ಎದ್ದು ನಿಂತರು ಅನ್ನುವುದರಿಂದ ಅವರ ಮತ ಸರಿಯಾಗಿಬಿಡುತ್ತದಾ? ಅಥವಾ ಆ ಮತದಿಂದ ಯಾರು ಗೆದ್ದರು ಅನ್ನುವುದರ ಮೇಲೆ ಅದರ ಬೆಲೆ ಕಟ್ಟಬೇಕಾ? ಅಧ್ಯಕ್ಷರೊಬ್ಬರನ್ನು ಕೆಳಗಿಳಿಸಬೇಕೋ ಬೇಡವೋ ಎಂದು ಸೆನೆಟರ್ ಹಾಕಿದ ಮತವನ್ನು ನಾವು ಯಾವ ತಕ್ಕಡಿಯಲ್ಲಿ ತೂಗಬೇಕು ಅನ್ನುವುದೇ ಇವತ್ತು ನಾನು ಎತ್ತಿಕೊಂಡಿರುವ ಪ್ರಶ್ನೆ.

ಹಿನ್ನೆಲೆ ಚುಟುಕಾಗಿ ಹೇಳಿಬಿಡುತ್ತೇನೆ. 1865ರಲ್ಲಿ ಲಿಂಕನ್ ಹತ್ಯೆಯಾಯಿತು. ಉಪಾಧ್ಯಕ್ಷರಾಗಿದ್ದ ಜಾನ್ಸನ್ ಆ ಕುರ್ಚಿಗೆ ಬಂದರು. ಟೆನೆಸಿಯವರು, ಮೂಲತಃ ಡೆಮಾಕ್ರಟ್. ಅಂತರ್ಯುದ್ಧದಲ್ಲಿ ಸೋತ ದಕ್ಷಿಣದ ರಾಜ್ಯಗಳ ಮೇಲೆ ಮೃದು. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರ ಹಕ್ಕಿಗಾಗಿ ಕಾಂಗ್ರೆಸ್, ಅಂದರೆ ಅಮೆರಿಕದ ಸಂಸತ್ತು, 1866ರಲ್ಲಿ ಮಸೂದೆ ತಂದರೆ ಅದನ್ನು ತಡೆಹಿಡಿದರು. ಅದೇ ವರ್ಷ ಮೆಂಫಿಸ್ಸಿನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ ಬಿಳಿಯರ ಗುಂಪುಗಳು ಕಪ್ಪು ಜನರನ್ನು ಕೊಂದವು. ಕಾಂಗ್ರೆಸ್ಸಿನ ನಿಜವಾದ ಸಿಟ್ಟು ಇದ್ದದ್ದು ಇಲ್ಲಿ.

ಆದರೆ ಆರೋಪಪಟ್ಟಿಯಲ್ಲಿ ಬರೆದದ್ದು ಬೇರೆಯೇ. ಸೆನೆಟ್ ಒಪ್ಪಿಗೆಯಿಲ್ಲದೆ ಕೆಲವು ದೊಡ್ಡ ಅಧಿಕಾರಿಗಳನ್ನು ತೆಗೆಯುವ ಹಾಗಿಲ್ಲ ಎಂದು 1867ರಲ್ಲಿ ಒಂದು ಕಾಯ್ದೆ ಮಾಡಿದ್ದರು. 1868ರ ಫೆಬ್ರವರಿ 21ರಂದು ಜಾನ್ಸನ್ ಯುದ್ಧ ಕಾರ್ಯದರ್ಶಿ, ಅಂದರೆ ಯುದ್ಧ ಖಾತೆಯ ಮಂತ್ರಿ, ಎಡ್ವಿನ್ ಸ್ಟಾಂಟನ್ ಅವರನ್ನು ತೆಗೆದುಹಾಕಿದರು. ಸ್ಟಾಂಟನ್ ಕಚೇರಿ ಬಿಟ್ಟು ಹೊರಗೇ ಬರಲಿಲ್ಲ, ಬಾಗಿಲು ಭದ್ರ ಮಾಡಿಕೊಂಡು ಒಳಗೇ ಠಿಕಾಣಿ ಹೂಡಿದರು. ಮೂರೇ ದಿನದಲ್ಲಿ ಕೆಳಮನೆ 126-47 ಮತಗಳಿಂದ ಅಧ್ಯಕ್ಷರ ಮೇಲೆ ವಾಗ್ದಂಡನೆ ಹೊರಿಸಿತು. ಒಟ್ಟು 11 ಆರೋಪ, ಹೆಚ್ಚಿನವು ಈ ಸ್ಟಾಂಟನ್ ಗಲಾಟೆಯ ಸುತ್ತಲೇ.

ಸೆನೆಟಿನಲ್ಲಿ ಆಗ 54 ಜನ. ಮೂರನೇ ಎರಡು ಭಾಗ ಅಂದರೆ 36 ಮತ ಬೇಕು. ಬಿದ್ದದ್ದು 35. ವಿರುದ್ಧ 19. ಒಂದೇ ಒಂದು ಮತದಲ್ಲಿ ಜಾನ್ಸನ್ ಉಳಿದರು. ಅವರನ್ನು ಉಳಿಸಿದ 19 ಜನರಲ್ಲಿ ಏಳು ಜನ ರಿಪಬ್ಲಿಕನ್ನರು, ಅಂದರೆ ಅವರನ್ನು ಕೆಳಗಿಳಿಸಲು ಹೊರಟ ಪಕ್ಷದವರೇ.

ಇಲ್ಲೊಂದು ಲೆಕ್ಕದ ಮಾತು. ಆ ಏಳು ಜನರಲ್ಲಿ ಕಾನ್ಸಾಸಿನ ಎಡ್ಮಂಡ್ ರಾಸ್ ಅವರ ಮತವೇ 'ನಿರ್ಣಾಯಕ ಮತ' ಎಂದು ಎಲ್ಲ ಕಡೆ ಓದುತ್ತೀರಿ. ಅವರು ಕೊನೆಯವರೆಗೂ ಬಾಯಿ ಬಿಟ್ಟಿರಲಿಲ್ಲ, ಅದಕ್ಕೇ ಎಲ್ಲರ ಕಣ್ಣೂ ಅವರ ಮೇಲಿತ್ತು. ಆದರೆ ಒಂದು ಮತದ ಅಂತರ ಅಂದ ಮೇಲೆ 19 ಜನರಲ್ಲಿ ಯಾರು ಆ ಕಡೆ ಹಾರಿದ್ದರೂ ಜಾನ್ಸನ್ ಮನೆಗೆ ಹೋಗುತ್ತಿದ್ದರು. ರಾಸ್ ಆದ ಮೇಲೆ ಅದೇ ಏಳು ಜನರಲ್ಲಿನ ಟ್ರಂಬುಲ್, ವ್ಯಾನ್ ವಿಂಕಲ್ ಸರದಿ ಇನ್ನೂ ಬಾಕಿಯಿತ್ತು. ಅವರನ್ನು ಯಾರು ನೆನೆಯುತ್ತಾರೆ? ಕಥೆಗೆ ಒಬ್ಬ ನಾಯಕ ಬೇಕು, ರಾಸ್ ಸಿಕ್ಕಿದರು.

ಸಿಕ್ಕಿದ್ದಕ್ಕೆ ಕಾರಣವೂ ಇತ್ತು ಅನ್ನಿ. ಮತದಾನಕ್ಕೆ ಮುಂಚೆ ಕಾನ್ಸಾಸಿನಿಂದ ಅವರಿಗೆ ಒಂದು ತಂತಿ ಬಂತು. 'ಕಾನ್ಸಾಸ್ ಸಾಕ್ಷ್ಯ ಕೇಳಿದೆ, ಅಧ್ಯಕ್ಷರಿಗೆ ಶಿಕ್ಷೆಯಾಗಲೇಬೇಕು' ಅಂತ. ಕೆಳಗೆ ಸಹಿ: ಡಿ.ಆರ್. ಆಂಥೊನಿ ಮತ್ತು 1,000 ಮಂದಿ. ಈ ಆಂಥೊನಿ ಯಾರು ಗೊತ್ತಾ? ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ ಸೂಸನ್ ಆಂಥೊನಿ ಅವರ ತಮ್ಮ. ರಾಸ್ ಉತ್ತರ ಕೊಟ್ಟರು. ಹೀಗೇ ಮತ ಹಾಕು ಎಂದು ಕೇಳುವ ಹಕ್ಕು ನಿಮಗಿದೆ ಎಂದು ನಾನು ಒಪ್ಪುವುದಿಲ್ಲ, ಸಂವಿಧಾನ ಮತ್ತು ಕಾನೂನಿನ ಪ್ರಕಾರ ನಿಷ್ಪಕ್ಷಪಾತವಾಗಿ ನ್ಯಾಯ ಕೊಡುತ್ತೇನೆಂದು ಪ್ರಮಾಣ ಮಾಡಿದ್ದೇನೆ ಎಂಬುದು ಅದರ ಸಾರ. ಚೆನ್ನಾಗಿದೆ ಉತ್ತರ. ಆಮೇಲೆ ಜಾನ್ ಕೆನಡಿ ಅಧ್ಯಕ್ಷರಾಗುವ ಮೊದಲು, 1956ರಲ್ಲಿ, ಎದೆಗಾರಿಕೆ ತೋರಿದ ಸೆನೆಟರ್‌ಗಳ ಬಗ್ಗೆ ಹೊರತಂದ ಪುಸ್ತಕದಲ್ಲಿ ರಾಸ್ ಅವರಿಗೆ ಒಂದು ಅಧ್ಯಾಯ ಮೀಸಲಿಟ್ಟರು. ರಾಸ್ ಹುತಾತ್ಮರಾದದ್ದು ಹೀಗೆ.

ಈಗ ಆ ಅಧ್ಯಾಯದಲ್ಲಿ ಎದ್ದು ಕಾಣದ ಭಾಗ. ಜಾನ್ಸನ್ ಖುಲಾಸೆಯಾದ ಕೆಲವೇ ವಾರಗಳಲ್ಲಿ ರಾಸ್ ಅವರಿಂದ ಅಧ್ಯಕ್ಷರಿಗೆ ಶಿಫಾರಸು ಪತ್ರಗಳು ಹೋಗತೊಡಗಿದವು. ಇವರಿಗೆ ಈ ಹುದ್ದೆ ಕೊಡಿ, ಅವರಿಗೆ ಆ ಹುದ್ದೆ ಕೊಡಿ ಅಂತ. ಅದರಲ್ಲಿ ಒಬ್ಬರು ಪೆರಿ ಫುಲ್ಲರ್ ಎಂಬ ವ್ಯಾಪಾರಿ. ರಾಸ್ ಸೆನೆಟರ್ ಆಗುವಾಗ ಇವರು ಹಣ ಸುರಿದಿದ್ದರು ಎಂಬ ಮಾತು ಕಾನ್ಸಾಸಿನಲ್ಲಿ ಇತ್ತು. ಆಗ ಸೆನೆಟರ್‌ಗಳನ್ನು ಜನ ನೇರವಾಗಿ ಆರಿಸುತ್ತಿರಲಿಲ್ಲ, ರಾಜ್ಯದ ಶಾಸಕರು ಆರಿಸುತ್ತಿದ್ದರು. ಅದು ಬದಲಾದದ್ದು 1913ರಲ್ಲಿ. ಹಾಗಾಗಿ ಹಣಕ್ಕೆ ಎಷ್ಟು ದಾರಿಯಿತ್ತು ಅನ್ನುವುದನ್ನು ನಮ್ಮ ವಿಧಾನ ಪರಿಷತ್ ಚುನಾವಣೆ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಈ ಫುಲ್ಲರ್ ಕೊನೆಗೆ ನ್ಯೂ ಆರ್ಲಿಯನ್ಸ್ ಬಂದರಿನ ಸುಂಕದ ಅಧಿಕಾರಿಯಾಗಿಯೂ ಬಿಟ್ಟರು.

ಹಾಗಾದರೆ ರಾಸ್ ಲಂಚ ತಿಂದು ಮತ ಹಾಕಿದರಾ? ಬೆಂಜಮಿನ್ ಬಟ್ಲರ್ ಎಂಬ ಕೆಳಮನೆಯ ನಾಯಕರು ಆಗಲೇ ತನಿಖೆ ಮಾಡಿದರು. ಗುಮಾನಿ ಬೇಕಾದಷ್ಟು ಸಿಕ್ಕಿತು, ಸಾಕ್ಷಿ ಸಿಗಲಿಲ್ಲ. ನಾನು 'ತಿಂದರು' ಅನ್ನುವುದಿಲ್ಲ. ಆದರೆ 'ತಮ್ಮ ಗೋರಿಯನ್ನು ಕಣ್ಣೆದುರು ಕಂಡೂ ಮತ ಹಾಕಿದ ತ್ಯಾಗಿ' ಅನ್ನುವುದಕ್ಕೂ ನನಗೆ ನಾಲಿಗೆ ಏಳುವುದಿಲ್ಲ.

ಇನ್ನೊಂದು ಮಾತು ಬಹಳ ಓಡಾಡುತ್ತದೆ. ಆ ಏಳು ಜನರೂ ಮತ್ತೆ ಸೆನೆಟಿಗೆ ಆರಿಸಿ ಬರಲಿಲ್ಲ, ಅಷ್ಟು ಬೆಲೆ ತೆತ್ತರು ಅಂತ. ಆರಿಸಿ ಬರಲಿಲ್ಲ ಅನ್ನುವುದು ನಿಜ. ಆದರೆ ಒಬ್ಬೊಬ್ಬರದ್ದೇ ನೋಡಿ. ಮೇನ್ ರಾಜ್ಯದ ಫೆಸೆಂಡನ್ ಮರುವರ್ಷವೇ ತೀರಿಕೊಂಡರು. ಗ್ರೈಮ್ಸ್ ಕಾಯಿಲೆಯಿಂದ ರಾಜೀನಾಮೆ ಕೊಟ್ಟರು. ಮಿಸೌರಿಯ ಹೆಂಡರ್ಸನ್ ಅವರನ್ನು ಅದೇ ಪಕ್ಷ ನಾಲ್ಕು ವರ್ಷದಲ್ಲಿ ಗವರ್ನರ್ ಚುನಾವಣೆಗೆ ನಿಲ್ಲಿಸಿತು. 1884ರ ರಿಪಬ್ಲಿಕನ್ ಮಹಾಧಿವೇಶನದ ಅಧ್ಯಕ್ಷತೆ ವಹಿಸಿದವರೂ ಇವರೇ. ರಾಸ್ ಪಕ್ಷ ಬದಲಾಯಿಸಿ, 1885ರಲ್ಲಿ ನ್ಯೂ ಮೆಕ್ಸಿಕೊ ಪ್ರಾಂತ್ಯಕ್ಕೆ ಗವರ್ನರ್ ಆಗಿ ಹೋದರು. ಎಲ್ಲರೂ ಬೀದಿಪಾಲಾದರು ಅನ್ನುವ ಕಥೆ ಅಷ್ಟೇನೂ ಗಟ್ಟಿಯಲ್ಲ.

ಅದಕ್ಕೇ ಧೈರ್ಯವನ್ನಾಗಲಿ, ತೆತ್ತ ಬೆಲೆಯನ್ನಾಗಲಿ ಅಳತೆಗೋಲು ಮಾಡಿಕೊಳ್ಳಬೇಡಿ ಎನ್ನುತ್ತೇನೆ. ತಪ್ಪು ಮತವನ್ನೂ ಧೈರ್ಯವಾಗಿ ಹಾಕಬಹುದು. ಜಾನ್ಸನ್ ಉಳಿದದ್ದರಿಂದ ದಕ್ಷಿಣದ ಕಪ್ಪು ಜನರಿಗೆ ಆದ ನಷ್ಟವನ್ನು ಆ ಧೈರ್ಯದ ಕಥೆಗಳು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಮತ್ತೆ ಏನು ನೋಡಬೇಕು? ಈ ಪ್ರಮಾಣ ಇದೆಯಲ್ಲ, ಅಲ್ಲಿಂದ ಶುರು ಮಾಡೋಣ. ಸೆನೆಟರ್‌ಗಳು ಅಧಿಕಾರಕ್ಕೆ ಬಂದಾಗ ಒಂದು ಪ್ರಮಾಣ ಮಾಡಿರುತ್ತಾರೆ. ವಾಗ್ದಂಡನೆ ವಿಚಾರಣೆಗೆ ಕೂರುವಾಗ ಬೇರೆಯೇ ಇನ್ನೊಂದು ಪ್ರಮಾಣ ಮಾಡಬೇಕು. ಇದು ಸಂವಿಧಾನದಲ್ಲೇ ಇದೆ. ಅಂದರೆ ಇವತ್ತು ನೀವು ಪಕ್ಷದವರಲ್ಲ, ನ್ಯಾಯ ಹೇಳುವವರು ಅಂತ. ಹಾಗಂತ ಅದು ಪೂರ್ತಿ ಕೋರ್ಟೂ ಅಲ್ಲ. 1868ರಲ್ಲಿ ಏನಾಯಿತು ನೋಡಿ. ಉಪಾಧ್ಯಕ್ಷರ ಜಾಗ ಖಾಲಿಯಿತ್ತು. ಜಾನ್ಸನ್ ಹೋದರೆ ಅಧ್ಯಕ್ಷರಾಗುತ್ತಿದ್ದವರು ಸೆನೆಟಿನ ಹಂಗಾಮಿ ಸಭಾಪತಿ, ಓಹಾಯೊದ ಸೆನೆಟರ್ ಬೆಂಜಮಿನ್ ವೇಡ್. ಅವರೂ ಕೂತು ಮತ ಹಾಕಿದರು, 'ತಪ್ಪಿತಸ್ಥರು' ಅಂತ. ಜಮೀನು ಯಾರಿಗೆ ಸಿಗುತ್ತದೋ ಅವರನ್ನೇ ಪಂಚಾಯ್ತಿಗೆ ಕೂರಿಸಿದ ಹಾಗೆ. ಇದನ್ನು ಆಕ್ಷೇಪಿಸಿದವರೂ ಇದ್ದರು, ಆದರೆ ಅದು ನಿಲ್ಲಲಿಲ್ಲ. ಆ ಕಡೆಯವರೇನು ಕಮ್ಮಿಯಲ್ಲ. ಟೆನೆಸಿಯ ಸೆನೆಟರ್ ಡೇವಿಡ್ ಪ್ಯಾಟರ್ಸನ್ ಜಾನ್ಸನ್ ಅವರ ಸ್ವಂತ ಅಳಿಯ. ಅವರೂ ಮತ ಹಾಕಿದರು. ಏನಂತ ಹಾಕಿದರು ಅಂತ ನಾನು ಹೇಳಬೇಕಾ?

ಕೋರ್ಟಿನಲ್ಲಾದರೆ ಇಬ್ಬರೂ ಪೀಠದಿಂದ ಇಳಿಯಬೇಕಾಗುತ್ತಿತ್ತು. ಇಲ್ಲಿ ಇಳಿಸುವವರಿಲ್ಲ. ಹಾಗಾಗಿ ಪ್ರತಿ ಸೆನೆಟರೂ ತನಗೆ ತಾನೇ ಹಾಕಿಕೊಂಡ ಕಟ್ಟು ಯಾವುದು, ಅದಕ್ಕೆ ಕಟ್ಟುಬಿದ್ದರಾ ಅನ್ನುವುದನ್ನು ನಾವೇ ನೋಡಬೇಕು.

ಈ ದೃಷ್ಟಿಯಿಂದ ನನಗೆ ರಾಸ್‌ಗಿಂತ ಓಹಾಯೊದ ಇನ್ನೊಬ್ಬ ಸೆನೆಟರ್ ಜಾನ್ ಶರ್ಮನ್ ಜಾಸ್ತಿ ಕುತೂಹಲ ಹುಟ್ಟಿಸುತ್ತಾರೆ. 1867ರ ಆ ಕಾಯ್ದೆಯಲ್ಲಿ ಒಂದು ಗಂಟು ಇತ್ತು. ಮಂತ್ರಿಗಳು ತಮ್ಮನ್ನು ನೇಮಿಸಿದ ಅಧ್ಯಕ್ಷರ ಅವಧಿ ಮತ್ತು ಅದರ ಮೇಲೆ ಒಂದು ತಿಂಗಳು ಹುದ್ದೆಯಲ್ಲಿರುತ್ತಾರೆ ಎಂದಿತ್ತು. ಸ್ಟಾಂಟನ್ ಅವರನ್ನು ನೇಮಿಸಿದ್ದು ಲಿಂಕನ್. ಹಾಗಿದ್ದ ಮೇಲೆ ಈ ಕಾಯ್ದೆಯ ರಕ್ಷಣೆ ಸ್ಟಾಂಟನ್‌ಗೆ ಸಿಗುತ್ತದಾ? ಕಾಯ್ದೆ ಮಾಡುವಾಗಲೇ ಈ ಪ್ರಶ್ನೆ ಬಂದಿತ್ತು. ಲಿಂಕನ್ ಕಾಲದ ಮಂತ್ರಿಗಳಿಗೆ ಇದು ಅನ್ವಯಿಸುವುದಿಲ್ಲ ಎಂದು ಸೆನೆಟಿನಲ್ಲಿ ಎದ್ದು ನಿಂತು ಹೇಳಿದವರು ಇದೇ ಶರ್ಮನ್.

ವರ್ಷ ಕಳೆದು ವಿಚಾರಣೆ ಬಂತು. ಪಕ್ಷದವರು ಅವರ ಮತ ನೆಚ್ಚಿಕೊಂಡಿದ್ದರು. ಶರ್ಮನ್ ಹೇಳಿದರು: ಸ್ಟಾಂಟನ್‌ರನ್ನು ತೆಗೆದದ್ದೇ ಅಪರಾಧ ಅನ್ನುವ ಮೊದಲ ಆರೋಪಕ್ಕೆ ನನ್ನ ಮತವಿಲ್ಲ, ಅವತ್ತು ನಾನೇ ಹೀಗೆ ಹೇಳಿದ್ದೆ. ಆದರೆ ಸೆನೆಟ್ ಕೇಳದೆ ಆ ಜಾಗಕ್ಕೆ ಸೇನಾಧಿಕಾರಿ ಲೊರೆಂಜೊ ಥಾಮಸ್‌ರನ್ನು ತಂದು ಕೂರಿಸಿದ್ದು ತಪ್ಪು, ಆ ಆರೋಪಗಳಿಗೆ 'ತಪ್ಪಿತಸ್ಥರು' ಅನ್ನುತ್ತೇನೆ. ಹಾಗೇ ಮಾಡಿದರು. ಇಂಥವರು ಇದ್ದದ್ದರಿಂದಲೇ ಮೊದಲ ಆರೋಪವನ್ನು ಮತಕ್ಕೆ ಹಾಕುವ ಧೈರ್ಯ ಪಕ್ಷಕ್ಕೆ ಬರಲಿಲ್ಲ. 11ನೇ ಆರೋಪದಿಂದ ಶುರು ಮಾಡಿದರು. ಅದೋ, ಕಲಸುಮೇಲೋಗರ. ಜಾನ್ಸನ್ 1866ರಲ್ಲಿ ಕಾಂಗ್ರೆಸ್ಸನ್ನು ಬೈದು ಮಾಡಿದ ಭಾಷಣದಿಂದ ಹಿಡಿದು ಎಲ್ಲವೂ ಅದರೊಳಗೆ. ಯಾರಿಗೆ ಯಾವುದು ಒಪ್ಪಿಗೆಯೋ ಅದನ್ನು ಹಿಡಿದು ಹೂಂ ಅನ್ನಲಿ ಅಂತ. ಹತ್ತು ದಿನದ ಮೇಲೆ ಎರಡನೆಯ ಮತ್ತು ಮೂರನೆಯ ಆರೋಪ ಹಾಕಿ ನೋಡಿದರು. ಮತ್ತೆ 35-19. ಅಲ್ಲಿಗೆ ಕೈಬಿಟ್ಟರು.

ಶರ್ಮನ್ ವೀರರಲ್ಲ, ಯಾವ ಕಥೆಯಲ್ಲೂ ಬರುವುದಿಲ್ಲ. ಆದರೆ ಯಾರಿಗೆ ಲಾಭ ಯಾರಿಗೆ ನಷ್ಟ ಅಂತ ಗೊತ್ತಾಗುವ ಮೊದಲು ಆಡಿದ ಮಾತನ್ನು, ಗೊತ್ತಾದ ಮೇಲೂ ಉಳಿಸಿಕೊಂಡರು. ನನ್ನ ತಕ್ಕಡಿ ಇದೇ.

ಇದರ ಪಕ್ಕದಲ್ಲೇ ಇನ್ನಿಬ್ಬರನ್ನು ಇಡಬೇಕು, ಅವರು ಎದುರುಬದುರು ನಿಂತವರು. ಮೆಸಾಚುಸೆಟ್ಸಿನ ಚಾರ್ಲ್ಸ್ ಸಮ್ನರ್ 'ತಪ್ಪಿತಸ್ಥರು' ಎಂದರು. ಅವರ ಪ್ರಕಾರ ಇದು ಗುಲಾಮಗಿರಿಯ ವಿರುದ್ಧದ ಕೊನೆಯ ದೊಡ್ಡ ಕದನಗಳಲ್ಲಿ ಒಂದು, ಕಾಯ್ದೆಯ ಸೆಕ್ಷನ್ನಿನ ತಕರಾರು ಇಲ್ಲಿ ಗೌಣ. ಇಲಿನಾಯ್‌ನ ಲೈಮನ್ ಟ್ರಂಬುಲ್ 'ಅಲ್ಲ' ಎಂದರು. ಆವೇಶ ಇಳಿದ ಮೇಲೆ ಸಾಲದು ಅನಿಸುವ ಕಾರಣಕ್ಕೆ ಒಮ್ಮೆ ಅಧ್ಯಕ್ಷರನ್ನು ತೆಗೆದರೆ, ಮುಂದೆ ಕಾಂಗ್ರೆಸ್ಸಿನ ಜೊತೆ ಭಿನ್ನಾಭಿಪ್ರಾಯ ಬಂದ ಯಾವ ಅಧ್ಯಕ್ಷರೂ ಉಳಿಯುವುದಿಲ್ಲ ಅನ್ನುವುದು ಅವರ ವಾದ. ಈ ಟ್ರಂಬುಲ್ ಕಪ್ಪು ಜನರ ಹಕ್ಕಿನ ಮಸೂದೆ ಬರೆದವರು, ಜಾನ್ಸನ್ ತಡೆಹಿಡಿದದ್ದು ಅವರದ್ದೇ ಮಸೂದೆ. ಅಂಥವರು ಜಾನ್ಸನ್‌ರನ್ನು ಉಳಿಸಿದರು! ಈ ಇಬ್ಬರ ಮತವನ್ನೂ ನಾನು ಗೌರವಿಸಬಲ್ಲೆ. ಇಬ್ಬರೂ ಕಾರಣ ಬರೆದಿಟ್ಟಿದ್ದಾರೆ, ಇವತ್ತೂ ಓದಿ ಜಗಳ ಆಡಬಹುದು.

ನಮ್ಮ ಕಡೆ ಬಂದರೆ ಬೇರೆಯೇ ತೊಂದರೆ. ನಿಮ್ಮಲ್ಲಿ ಕೆಲವರು ಆಗಲೇ ಯೋಚಿಸುತ್ತಿರಬಹುದು, ಪಕ್ಷ ವಿಪ್ ಕೊಟ್ಟಿರಲಿಲ್ಲವಾ, ಮೀರಿದರೆ ಸದಸ್ಯತ್ವ ಹೋಗುವುದಿಲ್ಲವಾ ಅಂತ. ಅಮೆರಿಕದಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ. ಪಕ್ಷ ಸಿಟ್ಟಾಗಬಹುದು, ಟಿಕೆಟ್ ತಪ್ಪಿಸಬಹುದು, ಕುರ್ಚಿ ಕಿತ್ತುಕೊಳ್ಳಲಾಗದು. ನಮ್ಮಲ್ಲಿ ರಾಷ್ಟ್ರಪತಿಗಳ ಮೇಲೆ ಇದುವರೆಗೂ ಇಂಥ ವಿಚಾರಣೆ ನಡೆದಿಲ್ಲ, ನ್ಯಾಯಮೂರ್ತಿಗಳ ಮೇಲೆ ನಡೆದಿದೆ. 1993ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟಿನ ವಿ. ರಾಮಸ್ವಾಮಿ ಅವರನ್ನು ತೆಗೆಯುವ ನಿರ್ಣಯ ಲೋಕಸಭೆಗೆ ಬಂತು. ಪರವಾಗಿ 196 ಮತ. ವಿರುದ್ಧ ಎಷ್ಟು? ಸೊನ್ನೆ. ಕಾಂಗ್ರೆಸ್ ಮತ್ತು ಮಿತ್ರಪಕ್ಷಗಳ 205 ಸದಸ್ಯರು ಸುಮ್ನೆ ಕೂತರು. ಸದನದ ಒಟ್ಟು ಬಲದ ಅರ್ಧಕ್ಕಿಂತ ಹೆಚ್ಚು ಮತ ಬೇಕಿತ್ತು, ಸಿಗಲಿಲ್ಲ, ನಿರ್ಣಯ ಬಿತ್ತು. ಆ 205 ಜನರಲ್ಲಿ ಒಬ್ಬೊಬ್ಬರ ಮತವನ್ನು ಇವತ್ತು ಹೇಗೆ ತೂಗುತ್ತೀರಿ? ಅವರು ಹೌದೂ ಅಂದಿಲ್ಲ, ಅಲ್ಲವೂ ಅಂದಿಲ್ಲ. ನಮ್ಮ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಮೇಲೆ 2009ರಲ್ಲಿ ರಾಜ್ಯಸಭೆಯಲ್ಲಿ ಬಂದ ನಿರ್ಣಯವಂತೂ ಮತದವರೆಗೆ ಹೋಗಲೇ ಇಲ್ಲ, 2011ರಲ್ಲಿ ಅವರೇ ರಾಜೀನಾಮೆ ಕೊಟ್ಟರು. ಸೆನೆಟರ್‌ಗಳ ಬಗ್ಗೆ ನಾವು ಇಷ್ಟು ಮಾತಾಡಬಹುದು ಅಂದರೆ ಅವರನ್ನು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕೂಗಿ ಕೇಳಿದ್ದರಿಂದ.

ಸರಿ, ವಾಪಸ್ ಹೋಗೋಣ. 1999ರ ಬಿಲ್ ಕ್ಲಿಂಟನ್ ವಿಚಾರಣೆ ನಿಮ್ಮಲ್ಲಿ ಬಹಳ ಜನಕ್ಕೆ ನೆನಪಿರುತ್ತದೆ. ಫೆಬ್ರವರಿ 12ರಂದು ಮತ. ಸುಳ್ಳು ಪ್ರಮಾಣದ ಆರೋಪಕ್ಕೆ 45-55, ನ್ಯಾಯಕ್ಕೆ ಅಡ್ಡಿ ಎಂಬ ಆರೋಪಕ್ಕೆ 50-50. 67 ಬೇಕಿತ್ತು, ಎಲ್ಲಿಯ ಮಾತು. ಕ್ಲಿಂಟನ್ ಪಕ್ಷದ 45 ಜನರೂ 'ಅಲ್ಲ' ಅಂದರು. ಕೊನೆಯ ಪಟ್ಟಿ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತಾರೆ. ಆದರೆ ಎರಡು ವಾರ ಹಿಂದಕ್ಕೆ ಹೋಗಿ. ಜನವರಿ 27ರಂದು ಎರಡು ಮತದಾನ ನಡೆದಿದ್ದವು. ವಿಚಾರಣೆಯನ್ನೇ ಇಲ್ಲಿಗೆ ಮುಗಿಸೋಣವಾ? ಸಾಕ್ಷಿಗಳನ್ನು ಕರೆಸೋಣವಾ? ಡೆಮಾಕ್ರಟರೆಲ್ಲ ಮುಗಿಸೋಣ, ಸಾಕ್ಷಿ ಬೇಡ ಎಂದರು, ಒಬ್ಬರನ್ನು ಬಿಟ್ಟು. ವಿಸ್ಕಾನ್ಸಿನ್ನಿನ ರಸ್ ಫೈನ್‌ಗೋಲ್ಡ್. ಅವರು ವಿಚಾರಣೆ ನಡೆಯಲಿ, ಸಾಕ್ಷಿ ಬರಲಿ ಎಂದರು. ಎಲ್ಲ ಕೇಳಿ ಆದ ಮೇಲೆ ಕ್ಲಿಂಟನ್ ತಪ್ಪಿತಸ್ಥರಲ್ಲ ಎಂದೂ ಹೇಳಿದರು. ಉಳಿದ 44 ಜನರ ಮತವೂ ಅದೇ, ಇವರ ಮತವೂ ಅದೇ. ತೂಕ ಒಂದೇನಾ?

ಸಾಕ್ಷಿಗಳ ವಿಷಯ ಬಂದಿದ್ದಕ್ಕೆ ಒಂದು ತಮಾಷೆ ಹೇಳಲೇಬೇಕು. 1999ರಲ್ಲಿ ಲಿಂಡ್ಸೆ ಗ್ರಹಾಂ ಕೆಳಮನೆಯ ಪರವಾಗಿ ಸೆನೆಟಿಗೆ ಬಂದು ಕ್ಲಿಂಟನ್ ವಿರುದ್ಧ ವಾದ ಮಾಡಿದವರು. ಸಾಕ್ಷಿಗಳು ಬೇಕು ಎಂದು ಕೇಳಿದ ತಂಡದಲ್ಲಿದ್ದರು. ಆಗಷ್ಟೇ ಸೆನೆಟಿಗೆ ಬಂದಿದ್ದ ಚಕ್ ಶೂಮರ್ ಸಾಕ್ಷಿ ಬೇಡ ಎಂದು ಮತ ಹಾಕಿದರು. 2020ರಲ್ಲಿ ಟ್ರಂಪ್ ವಿಚಾರಣೆ ಬಂದಾಗ ಇಬ್ಬರೂ ಸೆನೆಟರ್‌ಗಳು. ಗ್ರಹಾಂ ಸಾಕ್ಷಿ ಬೇಡ ಎಂದರು. ಶೂಮರ್ ಸಾಕ್ಷಿ ಬೇಕೇ ಬೇಕು ಎಂದರು. ಜಾಗ ಅದಲುಬದಲು! ಎರಡು ಪ್ರಕರಣ ಬೇರೆ ಬೇರೆ ಎಂದು ಇಬ್ಬರೂ ಕಾರಣ ಕೊಡುತ್ತಾರೆ, ಕೊಡಲಿ. ನಾನು ಮಾತ್ರ ಈ ಇಬ್ಬರ ಕೊನೆಯ ಮತವನ್ನು ತೂಗುವ ಗೋಜಿಗೇ ಹೋಗುವುದಿಲ್ಲ.

2020ರ ಫೆಬ್ರವರಿ 5ರಂದು ಯೂಟಾದ ಮಿಟ್ ರಾಮ್ನಿ ಮಾಡಿದ್ದು ಎಲ್ಲರಿಗೂ ಗೊತ್ತು. ತನ್ನದೇ ಪಕ್ಷದ ಅಧ್ಯಕ್ಷರನ್ನು ಕೆಳಗಿಳಿಸಲು ಮತ ಹಾಕಿದ ಮೊದಲ ಸೆನೆಟರ್ ಅವರು. ದೇವರ ಮೇಲೆ ಮಾಡಿದ ಪ್ರಮಾಣದ ಬಗ್ಗೆ ಗದ್ಗದರಾಗಿ ಮಾತಾಡಿದರು. ಅದು ಎದೆ ಮುಟ್ಟುತ್ತದೆ. ಆದರೆ ನಾನು ಅವರಿಗೆ ಅಂಕ ಕೊಡುವುದು ಐದು ದಿನ ಹಿಂದಿನ ಮತಕ್ಕೆ. ಜನವರಿ 31ರಂದು ಸಾಕ್ಷಿಗಳನ್ನು ಕರೆಸೋಣ ಎಂದ ರಿಪಬ್ಲಿಕನ್ನರು ಇಬ್ಬರೇ, ರಾಮ್ನಿ ಮತ್ತು ಮೇನ್‌ನ ಸೂಸನ್ ಕಾಲಿನ್ಸ್. ಅವತ್ತು 49-51ರಲ್ಲಿ ಆ ಪ್ರಯತ್ನ ಬಿತ್ತು. ಟೆನೆಸಿಯ ಲಮಾರ್ ಅಲೆಕ್ಸಾಂಡರ್ ಹಿಂದಿನ ರಾತ್ರಿ ಹೇಳಿದ್ದೇ ಬೇರೆ: ಅಧ್ಯಕ್ಷರು ಮಾಡಿದ್ದು ಸಾಬೀತಾಗಿದೆ, ಅದು ಸರಿಯಲ್ಲ, ಆದರೆ ಕೆಳಗಿಳಿಸುವಷ್ಟು ದೊಡ್ಡದಲ್ಲ, ಹಾಗಾಗಿ ಇನ್ನು ಸಾಕ್ಷಿ ಯಾಕೆ? ಬಹಳ ಜನ ಇದನ್ನು ನುಣುಚಿಕೊಳ್ಳುವ ಮಾತು ಎಂದು ಬೈದರು. ನನಗೆ ಹಾಗನಿಸಲಿಲ್ಲ. ತಪ್ಪು ನಡೆದಿದೆಯಾ, ನಡೆದಿದ್ದರೆ ಅದಕ್ಕೆ ಈ ಶಿಕ್ಷೆಯೇ ಆಗಬೇಕಾ ಅನ್ನುವುದು ಎರಡು ಬೇರೆ ಪ್ರಶ್ನೆ. ಅವರು ಎರಡಕ್ಕೂ ಬಾಯಿಬಿಟ್ಟು ಉತ್ತರ ಕೊಟ್ಟರು.

ಕೊನೆಯದಾಗಿ 2021. ಸಂಸತ್ ಭವನವಾದ ಕ್ಯಾಪಿಟಲ್ ಮೇಲಿನ ದಾಳಿಯ ಮರುವಾರ, ಜನವರಿ 13ರಂದು ಕೆಳಮನೆ ಟ್ರಂಪ್ ಮೇಲೆ ಎರಡನೇ ಸಲ ವಾಗ್ದಂಡನೆ ಹೊರಿಸಿತು. ಅವಧಿ ಮುಗಿಯಲು ಒಂದೇ ವಾರ ಉಳಿದಿತ್ತು. ಸೆನೆಟಿನ ಬಹುಮತದ ನಾಯಕ ಮಿಚ್ ಮೆಕಾನಲ್, ತುರ್ತಾಗಿ ಸಭೆ ಕರೆಯಲು ಒಪ್ಪಲಿಲ್ಲ. ಕೆಳಮನೆಯೂ ಜನವರಿ 25ರವರೆಗೆ ಆರೋಪವನ್ನು ಕಳಿಸಲಿಲ್ಲ, ಅದೂ ನಿಜ. ಫೆಬ್ರವರಿ 13ರಂದು 57-43. ಹತ್ತು ಮತ ಕಮ್ಮಿ ಬಿತ್ತು. ಮೆಕಾನಲ್ 'ತಪ್ಪಿತಸ್ಥರಲ್ಲ' ಅಂದವರಲ್ಲಿ ಒಬ್ಬರು. ಆದರೆ ಮತ ಮುಗಿದ ತಕ್ಷಣ ಎದ್ದು, ಆ ದಾಳಿಗೆ ಟ್ರಂಪ್ ನೈತಿಕವಾಗಿಯೂ ಕಾರ್ಯತಃವೂ ಹೊಣೆ ಎಂದು ಭಾಷಣ ಮಾಡಿದರು. ಮತ್ತೆ ಮತ ಯಾಕೆ ಹಾಗೆ? ಅಧಿಕಾರ ಬಿಟ್ಟು ಹೋದವರನ್ನು ವಿಚಾರಿಸುವ ಹಕ್ಕು ಸೆನೆಟಿಗಿಲ್ಲ ಎಂಬ ಕಾರಣಕ್ಕೆ. ಬಿಟ್ಟು ಹೋಗುವ ಮೊದಲು ಸಭೆ ಕರೆಯಲು ಒಪ್ಪದವರು ಕೊಟ್ಟ ಕಾರಣ ಇದು.

ಅದೇ ಪ್ರಶ್ನೆಯ ಮೇಲೆ ನಾರ್ತ್ ಕ್ಯಾರೊಲಿನಾದ ರಿಚರ್ಡ್ ಬರ್ ಏನು ಮಾಡಿದರು ನೋಡಿ. ಮಾಜಿ ಅಧ್ಯಕ್ಷರನ್ನು ವಿಚಾರಿಸಲಾಗದು ಎಂದು ಅವರೂ ನಂಬಿದ್ದರು. ಫೆಬ್ರವರಿ 9ರಂದು ಹಾಗೇ ಮತ ಹಾಕಿದರು, 56-44ರಲ್ಲಿ ಸೋತರು. ಆಮೇಲೆ ಸಾಕ್ಷ್ಯ ಕೇಳುತ್ತಾ ಕೂತರು. 13ರಂದು 'ತಪ್ಪಿತಸ್ಥರು' ಎಂದರು. ಸೆನೆಟ್ ಬಹುಮತದಿಂದ ಆ ಪ್ರಶ್ನೆಯನ್ನು ತೀರ್ಮಾನಿಸಿದೆ, ಅದು ಈಗ ಪೂರ್ವನಿದರ್ಶನ, ಇನ್ನು ನನ್ನ ಮುಂದೆ ಉಳಿದದ್ದು ಆರೋಪ ನಿಜವೋ ಸುಳ್ಳೋ ಎಂಬುದಷ್ಟೇ ಎಂದು ಕಾರಣ ಕೊಟ್ಟರು. ನಾಲ್ಕೇ ದಿನದಲ್ಲಿ ತಿರುಗಿಬಿದ್ದರು ಎಂದು ಆಡಿಕೊಂಡವರು ಇದ್ದಾರೆ. ಇಲ್ಲಿ ವಕೀಲರು ಇದ್ದರೆ ಅವರಿಗೆ ಇದು ವಿಚಿತ್ರ ಅನಿಸುವುದಿಲ್ಲ. ಅರ್ಜಿ ನಿಲ್ಲುತ್ತದೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಪೀಠದ ಒಬ್ಬ ನ್ಯಾಯಮೂರ್ತಿಯ ಅಭಿಪ್ರಾಯ ಬಿದ್ದುಹೋದರೆ, ಅವರು ಮುಂದಿನ ವಿಚಾರಣೆಯಲ್ಲಿ ಮುನಿಸಿಕೊಂಡು ಕೂರುವುದಿಲ್ಲ.

ಅವರ ರಾಜ್ಯದ ಪಕ್ಷ ಘಟಕ ಎರಡೇ ದಿನದಲ್ಲಿ ಖಂಡನಾ ನಿರ್ಣಯ ಮಾಡಿತು. ಬರ್ ಅವರಿಗೆ ಅದರಿಂದ ಹೆಚ್ಚೇನೂ ಆಗಲಿಲ್ಲ, ಇದೇ ನನ್ನ ಕೊನೆಯ ಅವಧಿ ಎಂದು 2016ರಲ್ಲೇ ಹೇಳಿಬಿಟ್ಟಿದ್ದರು. ಅವರೇನು ಸಂತರೂ ಅಲ್ಲ. ಕೋವಿಡ್ ಶುರುವಿನಲ್ಲಿ ಷೇರು ಮಾರಿದ್ದರ ಬಗ್ಗೆ ತನಿಖೆ ಎದುರಿಸಿ, ಮೊಕದ್ದಮೆಯಿಲ್ಲದೆ ಆಗಷ್ಟೇ ಹೊರಬಂದಿದ್ದರು. ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ, ಹಾಗಾಗಿ ಆ ಮತಕ್ಕೆ ಏನು ಬೆಲೆ ಎಂದು ನನ್ನನ್ನು ಕೇಳಿದವರಿದ್ದಾರೆ. ಕಳೆದುಕೊಂಡದ್ದನ್ನು ನಾನು ಲೆಕ್ಕ ಹಾಕುತ್ತಿಲ್ಲ. 9ನೇ ತಾರೀಖಿನ ಮತ, 13ರ ಮತ, ನಡುವೆ ಕೊಟ್ಟ ಕಾರಣ, ಈ ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದ್ದೇನೆ. ಒಂದಕ್ಕೊಂದು ಕೂಡುತ್ತವೆ.